ಹಂಗಿಸಿದರೆ ಮೈ ಕರಗುವುದಿಲ್ಲ

ಶಾಲೆಯಲ್ಲಿ ಮಕ್ಕಳ ಎತ್ತರ ಮತ್ತು ತೂಕ ಅಳೆಯುವ ದಿನ. ಯಂತ್ರದ ಮುಂದೆ ಮಕ್ಕಳು ಸಾಲಾಗಿ ನಿಂತಿದ್ದಾರೆ. ಒಬ್ಬರು ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ತುಸು ದಪ್ಪಗಿರುವ ಹುಡುಗಿಯೊಬ್ಬಳು ತನ್ನ ಸರದಿ ಹತ್ತಿರವಾದಂತೆಲ್ಲ ಹಿಂದಿನವರಿಗೆ ಜಾಗ ಬಿಟ್ಟುಕೊಡುತ್ತ ಕೊನೆಯವಳಾಗಿ ಉಳಿಯುತ್ತಾಳೆ. ಅವಳ ಅಂಕಿ ಕಿವಿಗೆ ಬಿದ್ದ ಕೂಡಲೇ ಹಿಂದಿನಿಂದ ಕಿಸಕ್ಕನೆ ನಗು ಬರುತ್ತದೆ, ಯಾರೋ 'ಯಂತ್ರ ಮುರಿದೇ ಹೋಯ್ತು' ಎನ್ನುತ್ತಾರೆ. ಹುಡುಗಿಯೂ ನಗುತ್ತಾಳೆ. ಅಂದಿನಿಂದ ಅವಳು ಕುಳಿತಲ್ಲೆಲ್ಲ ಪುಸ್ತಕದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊಟ್ಟೆ ಮರೆಮಾಡುತ್ತಾಳೆ, ಗುಂಪಿನ ಫೋಟೊ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುತ್ತಾಳೆ, ಆಟದ ಅವಧಿ ಬಂದರೆ ತಲೆನೋವು ಎನ್ನುತ್ತಾಳೆ. ನಕ್ಕವರಿಗೆ ಆ ಘಟನೆ ಸಂಜೆಯ ಹೊತ್ತಿಗೆ ಮರೆತುಹೋಗಿರುತ್ತದೆ. ಅವಳು ಮಾತ್ರ ಅದನ್ನು ಎಷ್ಟೋ ವರ್ಷ ಹೊತ್ತು ತಿರುಗುತ್ತಾಳೆ.

ತೂಕ, ಬಣ್ಣ, ಎತ್ತರ, ಮೊಡವೆ, ಹಲ್ಲು, ಕೂದಲು ಇವೆಲ್ಲ ಗೇಲಿಗೆ ಸುಲಭವಾಗಿ ಸಿಗುವ ಸಂಗತಿಗಳು, ಏಕೆಂದರೆ ಅವು ಕಣ್ಣಿಗೆ ಕಾಣುತ್ತವೆ ಮತ್ತು ಅವುಗಳನ್ನು ಬಚ್ಚಿಡಲು ಬರುವುದಿಲ್ಲ. ಡುಮ್ಮಿ, ದಡೂತಿ, ಕಡ್ಡಿ, ನರಪೇತಲ, ಕುಳ್ಳ, ಕರಿಯ ಎಂಬಂಥ ಮಾತುಗಳನ್ನು ಆಡುವವರು ಅವನ್ನು ಅಡ್ಡಹೆಸರೆಂದು ತಿಳಿಯುತ್ತಾರೆ. ಅನ್ನಿಸಿಕೊಳ್ಳುವವರಿಗೆ ಸ್ವಂತ ಹೆಸರೇ ಅಳಿಸಿಹೋದಂತೆ ಆಗುತ್ತದೆ. ಇದನ್ನು ತಮಾಷೆಯಿಂದ ಬೇರ್ಪಡಿಸುವ ಗೆರೆ ಎಲ್ಲಿದೆ ಎಂಬ ಪ್ರಶ್ನೆಗೆ, ಮಕ್ಕಳ ನಡುವಣ ಪೀಡನೆಯ ಬಗ್ಗೆ 1970ರ ದಶಕದಿಂದ ಅಧ್ಯಯನ ನಡೆಸಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಕೊಟ್ಟ ಮೂರು ಗುರುತುಗಳು ಇಂದಿಗೂ ಉಪಯುಕ್ತವಾಗಿವೆ: ನೋಯಿಸುವ ಉದ್ದೇಶವಿರುತ್ತದೆ, ಅದು ಮತ್ತೆ ಮತ್ತೆ ನಡೆಯುತ್ತದೆ, ಮತ್ತು ನೋಯಿಸುವವರಿಗೂ ನೋಯುವವರಿಗೂ ನಡುವೆ ಬಲದ ವ್ಯತ್ಯಾಸವಿರುತ್ತದೆ. ಇವುಗಳಲ್ಲಿ ಮೂರನೆಯದೇ ಮುಖ್ಯವೆಂದು ನನಗೆ ಅನ್ನಿಸುತ್ತದೆ. ಸಮಾನರ ನಡುವಿನ ಗೇಲಿಗೆ ತಿರುಗಿ ಉತ್ತರ ಕೊಡಬಹುದು. ಇಡೀ ಗುಂಪು ಒಂದು ಕಡೆ, ತಾನೊಬ್ಬಳೇ ಇನ್ನೊಂದು ಕಡೆ ಇರುವಾಗ ಉಳಿಯುವ ದಾರಿ ತಾನೂ ನಗುವುದೊಂದೇ. ಆ ಹುಡುಗಿ ನಕ್ಕಿದ್ದು ಅವಳಿಗೆ ತಮಾಷೆ ಎನಿಸಿತು ಎಂದಲ್ಲ. ಅತ್ತರೆ ಇನ್ನಷ್ಟು ನಗುತ್ತಾರೆಂದು ಅವಳಿಗೆ ಗೊತ್ತಿತ್ತು.

ಬೇರೆ ಬಗೆಯ ಪೀಡನೆಗಳಿಗೆ ಇಲ್ಲದ ಒಂದು ರಕ್ಷಾಕವಚ ತೂಕದ ಪೀಡನೆಗೆ ಮಾತ್ರ ಇದೆ. 'ಒಳ್ಳೆಯದಕ್ಕೇ ಹೇಳಿದ್ದು' ಎಂಬ ಮಾತೇ ಆ ಕವಚ. ಕುಳ್ಳಗಿರುವವರನ್ನು ಹಂಗಿಸಿ ಬೆಳೆಸಬಹುದು ಎಂದು ಯಾರೂ ವಾದಿಸುವುದಿಲ್ಲ. ಆದರೆ ದಪ್ಪಗಿರುವವರನ್ನು ಹಂಗಿಸಿದರೆ ಅವರಿಗೆ ನಾಚಿಕೆಯಾಗಿ, ಆ ನಾಚಿಕೆಯಿಂದ ಛಲ ಹುಟ್ಟಿ, ಛಲದಿಂದ ತೂಕ ಇಳಿಯುತ್ತದೆ ಎಂದು ಪ್ರೀತಿಯುಳ್ಳ ಜನರೂ ನಂಬುತ್ತಾರೆ. ಇದು ನಿಜವೇ ಎಂದು ಪರೀಕ್ಷಿಸಿ ನೋಡಬಹುದಾದ ಸಂಗತಿ. ಕಳೆದ ಎರಡು ದಶಕಗಳಲ್ಲಿ ಪರೀಕ್ಷಿಸಿಯೂ ಆಗಿದೆ, ಮತ್ತು ಉತ್ತರ ಆ ನಂಬಿಕೆಗೆ ತೀರ ವಿರುದ್ಧವಾಗಿದೆ.

ಇಂಗ್ಲೆಂಡಿನಲ್ಲಿ 50 ವರ್ಷ ದಾಟಿದವರ ಆರೋಗ್ಯವನ್ನು ಹಲವು ವರ್ಷಗಳ ಕಾಲ ಹಿಂಬಾಲಿಸುವ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿನ 2,944 ಜನರ ಮಾಹಿತಿಯನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2014ರಲ್ಲಿ ವಿಶ್ಲೇಷಿಸಿದಾಗ, ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದೆವು ಎಂದವರ ತೂಕ ನಾಲ್ಕು ವರ್ಷಗಳಲ್ಲಿ ಸರಾಸರಿ 0.95 ಕಿಲೊ ಏರಿತ್ತು. ಅಂಥ ಅನುಭವವಾಗದವರ ತೂಕ 0.71 ಕಿಲೊ ಇಳಿದಿತ್ತು. ಅಮೆರಿಕದಲ್ಲಿ 6,157 ಜನರನ್ನು 2006ರಿಂದ 2010ರವರೆಗೆ ಗಮನಿಸಿದ ಇನ್ನೊಂದು ಅಧ್ಯಯನದ ಪ್ರಕಾರ, ಆರಂಭದಲ್ಲಿ ಬೊಜ್ಜಿನ ಮಟ್ಟ ಮುಟ್ಟಿರದವರ ಪೈಕಿ ತೂಕದ ತಾರತಮ್ಯ ಅನುಭವಿಸಿದವರು ಆ ಮಟ್ಟ ತಲುಪುವ ಸಂಭವ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಮಕ್ಕಳ ವಿಷಯದಲ್ಲೂ ಇದೇ ಕಥೆ. 2,379 ಹುಡುಗಿಯರನ್ನು ಹಿಂಬಾಲಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ಹತ್ತನೆಯ ವಯಸ್ಸಿನಲ್ಲಿ 'ನೀನು ತುಂಬಾ ದಪ್ಪ' ಎಂದು ಮನೆಯವರಿಂದಲೋ ಗೆಳತಿಯರಿಂದಲೋ ಶಿಕ್ಷಕರಿಂದಲೋ ಅನ್ನಿಸಿಕೊಂಡವರು 19ನೆಯ ವಯಸ್ಸಿಗೆ ಬೊಜ್ಜಿನ ಮಟ್ಟದಲ್ಲಿರುವ ಸಂಭವ ಹೆಚ್ಚಾಗಿತ್ತು. ಹತ್ತರಲ್ಲಿ ಅವರ ತೂಕ ಎಷ್ಟಿತ್ತೆಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ಅಂತರ ಉಳಿದಿತ್ತು. ಅಂದರೆ 'ದಪ್ಪಗಿದ್ದಳು, ಅದಕ್ಕೇ ಅನ್ನಿಸಿಕೊಂಡಳು, ದಪ್ಪಗೇ ಉಳಿದಳು' ಎಂಬ ಸರಳ ವಿವರಣೆ ಇಲ್ಲಿ ಸಾಲುವುದಿಲ್ಲ. ಆಡಿದ ಮಾತಿಗೂ ಅದರಲ್ಲಿ ಪಾಲಿರಬಹುದು.

ಇಂಥ ಅಧ್ಯಯನಗಳು ಎರಡು ಸಂಗತಿಗಳ ನಡುವಿನ ನಂಟನ್ನು ತೋರಿಸುತ್ತವೆಯೇ ಹೊರತು ಒಂದರಿಂದಲೇ ಇನ್ನೊಂದಾಯಿತು ಎಂದು ಸಾಧಿಸುವುದಿಲ್ಲ ಎಂದು ಎಚ್ಚರದ ಓದುಗರು ಹೇಳಬಹುದು, ಮತ್ತು ಆ ಮಾತು ಸರಿ. ಆದ್ದರಿಂದಲೇ ಪ್ರಯೋಗಗಳು ಬೇಕಾಗುತ್ತವೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಪ್ಪಗಿರುವವರನ್ನು ಅವಹೇಳನ ಮಾಡುವ ದೃಶ್ಯಗಳನ್ನೂ ಇನ್ನೊಂದಕ್ಕೆ ಯಾವ ಅವಹೇಳನವೂ ಇಲ್ಲದ ದೃಶ್ಯಗಳನ್ನೂ ತೋರಿಸಿ, ಆಮೇಲೆ ಮುಂದೆ ತಿಂಡಿ ಇಡಲಾಯಿತು. ತೂಕ ಹೆಚ್ಚಿದ್ದ ಮಹಿಳೆಯರ ಪೈಕಿ ಅವಹೇಳನದ ದೃಶ್ಯ ನೋಡಿದವರು, ಸಾಧಾರಣ ದೃಶ್ಯ ನೋಡಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಕ್ಯಾಲೊರಿ ತಿಂದರು. ಅವರಿಗೆ ನೇರವಾಗಿ ಯಾರೂ ಏನೂ ಅಂದಿರಲಿಲ್ಲ. ತಮ್ಮಂಥವರನ್ನು ಹಂಗಿಸುವುದನ್ನು ಕಂಡರೇ ಇಷ್ಟಾಯಿತು.

ಹೀಗೇಕಾಗುತ್ತದೆ ಎಂಬುದನ್ನು ತಿಳಿಯಲು ಅವಮಾನದ ಹೊತ್ತಿನಲ್ಲಿ ದೇಹದೊಳಗೆ ಏನು ನಡೆಯುತ್ತದೆಂದು ನೋಡಬೇಕು. ಹತ್ತು ಜನರ ಮುಂದೆ ತಲೆತಗ್ಗಿಸಬೇಕಾಗಿ ಬಂದಾಗ ದೇಹ ಅದನ್ನು ಒಂದು ಅಪಾಯವೆಂದೇ ತಿಳಿಯುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಆಪತ್ತು ಬಂದು ಹೋಗುವಂಥದಾದರೆ ಇದರಿಂದ ಉಪಕಾರವೇ. ದಿನವೂ ಬರುವ ಆಪತ್ತಾದರೆ ಕಾರ್ಟಿಸೋಲ್ ಇಳಿಯಲು ಅವಕಾಶವೇ ಸಿಗದೆ ಹಸಿವು ಕೆರಳುತ್ತದೆ, ಸಿಹಿ ಮತ್ತು ಜಿಡ್ಡಿನ ತಿನಿಸಿನ ಕಡೆಗೆ ಮನಸ್ಸು ಎಳೆಯುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂಡಲು ಅನುಕೂಲವಾಗುತ್ತದೆ, ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಮರುದಿನದ ಹಸಿವು ಮತ್ತೂ ಹೆಚ್ಚುತ್ತದೆ. ಜೊತೆಗೆ, ತಿನ್ನುವುದರಿಂದ ಸ್ವಲ್ಪ ಹೊತ್ತಾದರೂ ಸಮಾಧಾನ ಸಿಗುತ್ತದೆ ಎಂಬುದು ನೊಂದ ಮಗುವಿಗೂ ಬೇಗ ತಿಳಿದುಬಿಡುತ್ತದೆ. ಅವಮಾನ, ಒತ್ತಡ, ತಿನ್ನುವುದು, ತೂಕ, ಮತ್ತೆ ಅವಮಾನ: ಗಾಣದ ಎತ್ತಿನಂತೆ ಸುತ್ತಿದಲ್ಲೇ ಸುತ್ತುವ ಈ ವರ್ತುಲವನ್ನು ಎ. ಜನೆಟ್ ಟೊಮಿಯಾಮ ಎಂಬ ಮನಶ್ಶಾಸ್ತ್ರಜ್ಞೆ 2014ರಲ್ಲಿ ವಿವರವಾಗಿ ನಿರೂಪಿಸಿದ್ದಾರೆ.

ವರ್ತುಲಕ್ಕೆ ಇನ್ನೊಂದು ಬಾಗಿಲೂ ಇದೆ. ತೂಕ ಇಳಿಸಿಕೊಳ್ಳಿ, ಓಡಿ, ಈಜಿ, ವ್ಯಾಯಾಮ ಮಾಡಿ ಎಂದು ಉಪದೇಶಿಸುವ ಸಮಾಜವೇ, ದಪ್ಪಗಿರುವವರು ಮೈದಾನಕ್ಕೆ ಇಳಿದ ಕೂಡಲೇ ತಿರುಗಿ ನೋಡಿ ಮುಸಿಮುಸಿ ನಗುತ್ತದೆ. ಓಡುವಾಗ ಮೈ ಅಲುಗುತ್ತದೆ, ಬಟ್ಟೆ ಮೇಲೇರುತ್ತದೆ, ಉಸಿರು ಸದ್ದು ಮಾಡುತ್ತದೆ. ಓಡುವವರೆಲ್ಲರಿಗೂ ಆಗುವುದೇ ಇದು. ಆದರೆ ಒಬ್ಬರದು ಮಾತ್ರ ನೋಟದ ವಸ್ತುವಾಗುತ್ತದೆ. ತೂಕದ ಕಾರಣ ಹೆಚ್ಚು ಅವಮಾನ ಅನುಭವಿಸಿದವರು ವ್ಯಾಯಾಮದಿಂದ ದೂರ ಉಳಿಯಲು ಬಯಸುತ್ತಾರೆಂದು ಸಂಶೋಧನೆಗಳು ಹೇಳುವುದರಲ್ಲಿ ಅಚ್ಚರಿಯೇನಿಲ್ಲ. ಅವರು ಸೋಮಾರಿಗಳೆಂದು ಇದರ ಅರ್ಥವಲ್ಲ. ಬೆಂಕಿ ಮುಟ್ಟಿ ಕೈ ಸುಟ್ಟುಕೊಂಡವರು ಮತ್ತೆ ಕೈ ಚಾಚಲು ಹಿಂಜರಿದರೆ ಅವರನ್ನು ಸೋಮಾರಿಗಳು ಎನ್ನುತ್ತೇವೆಯೇ?

ಹಂಗಿಸುವುದನ್ನು ಸಮರ್ಥಿಸುವ ಮಾತಿನ ಕೆಳಗೆ ಒಂದು ನಂಬಿಕೆ ಅಡಗಿದೆ: ತೂಕ ಪೂರ್ತಿಯಾಗಿ ಅವರವರ ಕೈಯಲ್ಲಿದೆ, ಬಾಯಿ ಕಟ್ಟಿದರೆ ಸಾಕು. ದತ್ತು ಹೋದ 540 ಜನರ ಬಗ್ಗೆ ಡೆನ್ಮಾರ್ಕಿನಲ್ಲಿ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಆ ಜನರ ಮೈಕಟ್ಟಿಗೂ ಅವರನ್ನು ಹೆತ್ತವರ ಮೈಕಟ್ಟಿಗೂ ಸ್ಪಷ್ಟ ಸಂಬಂಧವಿತ್ತು; ಸಾಕಿದವರ ಮೈಕಟ್ಟಿಗೂ ಅವರ ಮೈಕಟ್ಟಿಗೂ ಸಂಬಂಧವೇ ಕಾಣಲಿಲ್ಲ. ಒಂದೇ ಮನೆಯ ಊಟ ಉಂಡು ಬೆಳೆದರೂ ದೇಹ ತನ್ನ ಹುಟ್ಟಿನ ಜಾಡನ್ನೇ ಹಿಡಿದಿತ್ತು. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ ಮೆದುಳಿಗೆ ಸಂದೇಶ ಕಳಿಸುತ್ತವೆ ಎಂಬುದು 1994ರಲ್ಲಿ ತಿಳಿದುಬಂದ ಮೇಲೆ, ಹಸಿವು ಮತ್ತು ತೃಪ್ತಿ ಬರೀ ಮನೋಬಲದ ಮಾತಲ್ಲ ಎಂಬುದು ಇನ್ನಷ್ಟು ಖಚಿತವಾಯಿತು. ಥೈರಾಯ್ಡ್ ಕೊರತೆ, ಅಂಡಾಶಯಕ್ಕೆ ಸಂಬಂಧಿಸಿದ ಪಿಸಿಓಎಸ್‌ನಂಥ ತೊಂದರೆಗಳು, ಸ್ಟೀರಾಯ್ಡ್, ಇನ್ಸುಲಿನ್ ಮತ್ತು ಕೆಲವು ಮನೋರೋಗದ ಔಷಧಗಳು ಕೂಡ ತೂಕ ಹೆಚ್ಚಿಸುತ್ತವೆ. ದಾರಿಯಲ್ಲಿ ಎದುರಾದ ಅಪರಿಚಿತರ ಮೈ ನೋಡಿ ಕೊಂಕಾಡುವವರಿಗೆ ಆ ವ್ಯಕ್ತಿ ಯಾವ ಮಾತ್ರೆ ನುಂಗುತ್ತಿದ್ದಾರೆಂದು ಗೊತ್ತಿರುವುದಿಲ್ಲ.

ಇಳಿಸಿದ ತೂಕವನ್ನು ದೇಹ ಸುಮ್ಮನೆ ಒಪ್ಪಿಕೊಳ್ಳುವುದೂ ಇಲ್ಲ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಭಾರೀ ಪ್ರಮಾಣದಲ್ಲಿ ತೂಕ ಇಳಿಸಿದ 14 ಸ್ಪರ್ಧಿಗಳನ್ನು ಆರು ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ತಿಳಿಸಿದ ಪ್ರಕಾರ, ಅವರು ಸರಾಸರಿ 58 ಕಿಲೊ ಇಳಿಸಿ, ಅದರಲ್ಲಿ 41 ಕಿಲೊ ಮತ್ತೆ ಪಡೆದಿದ್ದರು. ಸುಮ್ಮನೆ ವಿಶ್ರಾಂತಿಯಲ್ಲಿರುವಾಗ ಅವರ ದೇಹ ವ್ಯಯಿಸುತ್ತಿದ್ದ ಶಕ್ತಿ, ಅವರ ಗಾತ್ರದವರಿಂದ ನಿರೀಕ್ಷಿಸಬಹುದಾದ್ದಕ್ಕಿಂತ ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿಯಷ್ಟು ಕಡಿಮೆಯಾಗಿತ್ತು. ಇಡೀ ದೇಶದ ಕಣ್ಣಮುಂದೆ, ತರಬೇತುದಾರರ ಕಾವಲಿನಲ್ಲಿ ಬೆವರು ಹರಿಸಿದವರ ಪಾಡೇ ಹೀಗಾದರೆ, ಒಂದು ಕೊಂಕು ಮಾತು ಯಾರನ್ನು ತೆಳ್ಳಗಾಗಿಸೀತು?

ಹೀಗೆಂದ ಮಾತ್ರಕ್ಕೆ ತೂಕಕ್ಕೂ ಆರೋಗ್ಯಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳುತ್ತಿಲ್ಲ. ಸಂಬಂಧವಿದೆ. ಅತಿಯಾದ ಕೊಬ್ಬು ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಮಂಡಿನೋವುಗಳ ಅಪಾಯವನ್ನು ಹೆಚ್ಚಿಸುತ್ತದೆ, ಮತ್ತು ಅದಕ್ಕೆ ಚಿಕಿತ್ಸೆ ಬೇಕು. ಆದರೆ ಚಿಕಿತ್ಸೆ ಬೇಕೆನ್ನುವುದೇ ಹಂಗಿಸುವುದಕ್ಕೆ ಪರವಾನಗಿಯಾಗಬಾರದು, ಏಕೆಂದರೆ ಹಂಗಿಸುವಿಕೆ ಚಿಕಿತ್ಸೆಯ ದಾರಿಗೇ ಅಡ್ಡ ಮಲಗುತ್ತದೆ.

ವೈದ್ಯರ ಕೋಣೆಯೊಳಗೆ ಅದು ಹೇಗೆಂದು ಹತ್ತಿರದಿಂದ ನೋಡಬಹುದು. ಗಂಟಲು ನೋವೆಂದು ಬಂದ ಮಹಿಳೆ ಕುಳಿತುಕೊಳ್ಳಲು ಹೋಗುತ್ತಾಳೆ; ಕುರ್ಚಿಯ ತೋಳುಗಳು ಸೊಂಟವನ್ನು ಒತ್ತುತ್ತವೆ. ರಕ್ತದೊತ್ತಡ ಅಳೆಯುವ ಪಟ್ಟಿ ತೋಳಿಗೆ ಸಾಲದು. ಹೇಗೋ ಬಿಗಿದು ಸುತ್ತುತ್ತಾರೆ, ಮತ್ತು ಪಟ್ಟಿ ಕಿರಿದಾದರೆ ಒತ್ತಡ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ ಎಂಬುದು ವೈದ್ಯಕೀಯದ ಮೊದಲ ಪಾಠಗಳಲ್ಲಿ ಒಂದು. ಗಂಟಲಿನ ಮಾತು ಮುಗಿಯುವ ಮೊದಲೇ 'ಮೊದಲು ತೂಕ ಇಳಿಸಿ' ಎಂಬ ಮಾತು ಬರುತ್ತದೆ. ಆಕೆ ಮುಂದಿನ ಬಾರಿ ಬರುವುದು ತೀರ ತಡೆಯಲಾಗದೆ ಹೋದಾಗ ಮಾತ್ರ. ಅಮೆರಿಕದಲ್ಲಿ ವೈದ್ಯರ ಮತ್ತು ರೋಗಿಗಳ ಸಂಭಾಷಣೆಗಳನ್ನು ಧ್ವನಿಮುದ್ರಿಸಿ ವಿಶ್ಲೇಷಿಸಿದ ಅಧ್ಯಯನವೊಂದು, ತೂಕ ಹೆಚ್ಚಿದ್ದ ರೋಗಿಗಳೊಡನೆ ವೈದ್ಯರು ಅನುಕಂಪ ಮತ್ತು ಭರವಸೆಯ ಮಾತುಗಳನ್ನು ಕಡಿಮೆ ಆಡುತ್ತಿದ್ದರೆಂದು 2013ರಲ್ಲಿ ತೋರಿಸಿತು. ದಪ್ಪಗಿರುವ ಮಹಿಳೆಯರು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಮುಂದೂಡಲು ಅವಮಾನದ ಭಯ, ಕಿರಿದಾದ ಉಪಕರಣಗಳು ಮತ್ತು ಕೇಳದೆ ಬರುವ ಉಪದೇಶಗಳು ಕಾರಣವೆಂದು ಹೇಳಿಕೊಂಡಿದ್ದಾರೆ. ತಪಾಸಣೆ ತಡವಾದರೆ ರೋಗವೂ ತಡವಾಗಿ ಪತ್ತೆಯಾಗುತ್ತದೆ. ಆಮೇಲೆ ಸಾವು ಬಂದರೆ ಅದನ್ನು ತೂಕದ ಲೆಕ್ಕಕ್ಕೇ ಬರೆಯಲಾಗುತ್ತದೆ. ತೂಕದ ತಾರತಮ್ಯ ಅನುಭವಿಸಿದವರಲ್ಲಿ ಸಾವಿನ ಅಪಾಯ ಸುಮಾರು 60 ಪ್ರತಿಶತದಷ್ಟು ಹೆಚ್ಚಿತ್ತೆಂದು 2015ರಲ್ಲಿ ಪ್ರಕಟವಾದ ಅಮೆರಿಕದ ವಿಶ್ಲೇಷಣೆ ಕಂಡುಕೊಂಡಾಗ, ಅದು ಅವರ ತೂಕವನ್ನೂ ಇತರ ಅಪಾಯಗಳನ್ನೂ ಗಣನೆಗೆ ತೆಗೆದುಕೊಂಡ ನಂತರದ ಸಂಖ್ಯೆಯಾಗಿತ್ತು. ಬೊಜ್ಜಿನ ಕಳಂಕವನ್ನು ಕೊನೆಗಾಣಿಸಬೇಕೆಂದು ಹಲವು ದೇಶಗಳ ತಜ್ಞರು 2020ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಒಮ್ಮತದ ಹೇಳಿಕೆ ಹೊರಡಿಸಿದ್ದು ಇಂಥ ಸಾಕ್ಷ್ಯಗಳ ಆಧಾರದ ಮೇಲೆಯೇ.

ಈವರೆಗೆ ಮೈಯ ಮಾತಾಯಿತು. ಮನಸ್ಸಿಗಾಗುವ ಹಾನಿಯ ವಿಷಯದಲ್ಲಿ ಗಮನಿಸಬೇಕಾದದ್ದು, ಅದು ನಿಜವಾದ ತೂಕವನ್ನು ಅವಲಂಬಿಸಿಲ್ಲ ಎಂಬುದು. ಅಮೆರಿಕದ ಮಿನ್ನೆಸೋಟದ 4,746 ಹದಿಹರೆಯದವರನ್ನು ಸಮೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕದ ಬಗ್ಗೆ ಗೇಲಿಗೊಳಗಾದವರಲ್ಲಿ ತಮ್ಮ ದೇಹದ ಬಗ್ಗೆ ಅತೃಪ್ತಿ, ಆತ್ಮಗೌರವದ ಕೊರತೆ, ಖಿನ್ನತೆಯ ಲಕ್ಷಣ ಮತ್ತು ಆತ್ಮಹತ್ಯೆಯ ಯೋಚನೆ ಹೆಚ್ಚಾಗಿದ್ದವು. ಅವರು ದಪ್ಪಗಿದ್ದರೋ ತೆಳ್ಳಗಿದ್ದರೋ ಎಂಬುದರಿಂದ ಈ ಫಲಿತಾಂಶ ಬದಲಾಗಲಿಲ್ಲ. 'ಗಾಳಿ ಬಂದರೆ ಹಾರಿಹೋಗ್ತೀಯ' ಎಂದು ದಿನವೂ ಕೇಳುವ ತೆಳ್ಳಗಿನ ಹುಡುಗ ಸೆಖೆಯಲ್ಲೂ ಎರಡು ಅಂಗಿ ತೊಟ್ಟು ಬರುವುದು ಈ ಕಾರಣಕ್ಕೆ. ಅವನ ನೋವಿಗೆ ಯಾರೂ ನೋವೆಂಬ ಹೆಸರನ್ನೂ ಕೊಡುವುದಿಲ್ಲ, ತೆಳ್ಳಗಿರುವುದು ಒಳ್ಳೆಯದಲ್ಲವೇ ಎಂದುಬಿಡುತ್ತಾರೆ.

ಮಾತು ಹೊರಗಿನಿಂದ ಬರುವಷ್ಟು ಕಾಲ ಅದನ್ನು ಎದುರಿಸಬಹುದು. ಕಾಲ ಕಳೆದಂತೆ ಅದೇ ಮಾತು ಒಳಗಿನ ದನಿಯಾಗುತ್ತದೆ, ಮತ್ತು ಅಪಾಯ ಹೆಚ್ಚುವುದು ಆಗಲೇ. ಕನ್ನಡಿಯ ಮುಂದೆ ನಿಂತವರು ಬೇರೆಯವರು ಅಂದದ್ದನ್ನೇ ತಮಗೆ ತಾವೇ ಅಂದುಕೊಳ್ಳಲು ತೊಡಗುತ್ತಾರೆ. ಹಂಗಿಸುವವರು ಎದುರಿಗಿಲ್ಲದಿದ್ದರೂ ಹಂಗಿಸುವುದು ನಿಲ್ಲುವುದಿಲ್ಲ. ಊಟ ಬಿಡುವುದು, ಆಮೇಲೆ ತಡೆಯಲಾರದೆ ಒಮ್ಮೆಗೇ ತಿನ್ನುವುದು, ತಿಂದದ್ದನ್ನು ಬೆರಳು ಹಾಕಿ ವಾಂತಿ ಮಾಡುವುದು ಇವೆಲ್ಲ ಆ ಒಳದನಿಯ ಆಜ್ಞೆಗಳು. ಆಹಾರ ಸೇವನೆಗೆ ಸಂಬಂಧಿಸಿದ ಕಾಯಿಲೆಗಳಲ್ಲಿ ಒಂದಾದ, ದಪ್ಪಗಾಗುವ ಭಯದಿಂದ ಊಟವನ್ನೇ ತೊರೆಯುವ ಅನೊರೆಕ್ಸಿಯದ ಸಾವಿನ ಪ್ರಮಾಣ ಮನೋರೋಗಗಳಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು.

ಯಾವ ದೇಹ ಸುಂದರ ಎಂಬ ಅಳತೆಗೋಲು ಪ್ರಕೃತಿ ಕೊಟ್ಟದ್ದಲ್ಲ ಎಂಬುದಕ್ಕೆ ಫಿಜಿ ದ್ವೀಪದ ಉದಾಹರಣೆ ಕಣ್ಣು ತೆರೆಸುವಂಥದು. ತುಂಬಿದ ಮೈಯನ್ನೇ ಮೆಚ್ಚುತ್ತಿದ್ದ ಅಲ್ಲಿನ ನದ್ರೋಗ ಪ್ರಾಂತಕ್ಕೆ 1995ರಲ್ಲಿ ಟಿವಿ ಬಂತು. ವೈದ್ಯೆಯೂ ಮಾನವಶಾಸ್ತ್ರಜ್ಞೆಯೂ ಆದ ಆನ್ ಬೆಕರ್ ಆ ವರ್ಷ ಮತ್ತು ಮತ್ತೆ 1998ರಲ್ಲಿ ಅಲ್ಲಿನ ಶಾಲಾ ಹುಡುಗಿಯರನ್ನು ಮಾತಾಡಿಸಿದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇವೆ ಎಂದವರು ಮೊದಲ ಬಾರಿ ಒಬ್ಬರೂ ಇರಲಿಲ್ಲ. ಮೂರು ವರ್ಷಗಳ ಬಳಿಕ 11.3 ಪ್ರತಿಶತ ಹುಡುಗಿಯರು ಹಾಗೆಂದರು, 74 ಪ್ರತಿಶತ ಹುಡುಗಿಯರು ತಾವು ತೀರ ದಪ್ಪ ಎಂದು ಅನ್ನಿಸುತ್ತದೆ ಎಂದರು. ಅಲ್ಲಿನ ಹುಡುಗಿಯರ ಮೈಯಲ್ಲಿ ಮೂರೇ ವರ್ಷಕ್ಕೆ ಅಷ್ಟು ದೊಡ್ಡ ಬದಲಾವಣೆ ಏನೂ ಆಗಿರಲಾರದು. ಬದಲಾದದ್ದು ನೋಡುವ ಕಣ್ಣು.

ಆ ಕಣ್ಣು ಎಷ್ಟು ಎಳೆಯ ವಯಸ್ಸಿನಲ್ಲೇ ಮೂಡುತ್ತದೆಂಬುದು ದುಃಖದ ಸಂಗತಿ. 1961ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 10–11 ವರ್ಷದ ಮಕ್ಕಳಿಗೆ ಆರು ಚಿತ್ರಗಳನ್ನು ತೋರಿಸಿ, ಯಾರು ಹೆಚ್ಚು ಇಷ್ಟ ಎಂದು ಕೇಳಲಾಯಿತು: ಅಂಗವೈಕಲ್ಯವಿಲ್ಲದ ಮಗು, ಊರುಗೋಲು ಹಿಡಿದ ಮಗು, ಗಾಲಿಕುರ್ಚಿಯ ಮಗು, ಒಂದು ಕೈ ಇಲ್ಲದ ಮಗು, ಮುಖದಲ್ಲಿ ವಿಕಾರವಿರುವ ಮಗು, ದಪ್ಪಗಿನ ಮಗು. ಕೊನೆಯ ಸ್ಥಾನ ಸಿಕ್ಕಿದ್ದು ದಪ್ಪಗಿನ ಮಗುವಿಗೆ. ಅದೇ ಪ್ರಯೋಗವನ್ನು ಮತ್ತೆ ಮಾಡಿ 2003ರಲ್ಲಿ ಪ್ರಕಟಿಸಿದಾಗ ಆ ಮಗುವಿನ ಬಗೆಗಿನ ಅನಾದರ ಇನ್ನೂ ಹೆಚ್ಚಾಗಿತ್ತು. 2007ರಿಂದ 2016ರವರೆಗೆ ಹಾರ್ವರ್ಡ್‌ನ ಸಂಶೋಧಕರು ಲಕ್ಷಾಂತರ ಜನರ ಪರೀಕ್ಷೆಗಳಿಂದ ಒಳಮನಸ್ಸಿನ ಪೂರ್ವಗ್ರಹಗಳನ್ನು ಅಳೆದಾಗ ಜನಾಂಗ, ಮೈಬಣ್ಣ ಮೊದಲಾದವುಗಳ ಬಗೆಗಿನ ಪೂರ್ವಗ್ರಹ ಇಳಿಯುತ್ತ ಬಂದಿತ್ತು. ದೇಹದ ತೂಕದ ಬಗೆಗಿನದು ಮಾತ್ರ ಏರಿತ್ತು.

ಕಾನೂನಿನ ರಕ್ಷಣೆ ಇರುವುದು ಕೆಲವೇ ಕಡೆ. ಎತ್ತರ ಮತ್ತು ತೂಕದ ಆಧಾರದ ತಾರತಮ್ಯವನ್ನು ಅಮೆರಿಕದ ಮಿಶಿಗನ್ ರಾಜ್ಯ 1976ರ ಕಾಯಿದೆಯಲ್ಲೂ ನ್ಯೂಯಾರ್ಕ್ ನಗರ 2023ರಲ್ಲೂ ನಿಷೇಧಿಸಿವೆ. ಆದರೆ ಕಾನೂನು ತಲುಪದ ಜಾಗಗಳಲ್ಲೇ ಹೆಚ್ಚಿನ ಮಾತುಗಳು ಹುಟ್ಟುವುದು, ಮತ್ತು ಅಲ್ಲಿ ಕೈಲಾಗುವುದು ಕಡಿಮೆಯೇನಲ್ಲ. ಕೆನಡಾದ ಶಾಲೆಗಳ ಆಟದ ಮೈದಾನಗಳಲ್ಲಿ ಮಕ್ಕಳ ನಡುವಣ ಪೀಡನೆಯನ್ನು ವಿಡಿಯೊದಲ್ಲಿ ದಾಖಲಿಸಿ 2001ರಲ್ಲಿ ವಿಶ್ಲೇಷಿಸಿದವರು, ನೋಡುತ್ತಿದ್ದ ಮಗುವೊಂದು ಮಧ್ಯೆ ಪ್ರವೇಶಿಸಿದಾಗ ಅರ್ಧಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ, ಅಂದರೆ 57 ಪ್ರತಿಶತ ಸಲ, ಪೀಡನೆ ಹತ್ತು ಸೆಕೆಂಡಿನೊಳಗೆ ನಿಂತುಹೋಯಿತೆಂದು ಕಂಡರು. ಹಂಗಿಸುವವರಿಗೆ ಬೇಕಿರುವುದು ನಗುವ ಪ್ರೇಕ್ಷಕರು. ಒಬ್ಬರು 'ಅದರಲ್ಲಿ ನಗೋದೇನಿದೆ?' ಎಂದರೂ ಸಾಕು, ಆಟ ಕೆಡುತ್ತದೆ. ಶಾಲೆಯಲ್ಲಿ ತೂಕ ನೋಡಲೇಬೇಕಿದ್ದರೆ ಒಬ್ಬೊಬ್ಬರನ್ನೇ ಪರದೆಯ ಹಿಂದೆ ಕರೆದು ಅಂಕಿಯನ್ನು ಓದಿ ಹೇಳದೆ ಬರೆದುಕೊಳ್ಳಬಹುದು. ವೈದ್ಯರು 'ನಿಮ್ಮ ತೂಕದ ಬಗ್ಗೆ ಈಗ ಮಾತಾಡಬಹುದೇ?' ಎಂದು ಒಪ್ಪಿಗೆ ಕೇಳಿ, ಗಂಟಲು ನೋವಿಗೆ ಬಂದವರ ಗಂಟಲನ್ನು ಮೊದಲು ನೋಡಬಹುದು.

ಮನೆಯ ವಿಷಯ ಸ್ವಲ್ಪ ಕಷ್ಟದ್ದು, ಏಕೆಂದರೆ ಅಲ್ಲಿ ಮಾತು ಪ್ರೀತಿಯ ಸೆರಗಿನಲ್ಲಿ ಬರುತ್ತದೆ. ಮಗು ಅಳುತ್ತ ಬಂದು 'ನನ್ನನ್ನು ಹೀಗಂದರು' ಎಂದಾಗ ಎಷ್ಟೋ ತಂದೆತಾಯಿಯರು ಕಣ್ಣೊರೆಸಿ, 'ಬಿಡು, ನಾಳೆಯಿಂದ ಡಯಟ್ ಮಾಡೋಣ, ಆಗ ಯಾರೂ ಏನೂ ಅನ್ನಲ್ಲ' ಎನ್ನುತ್ತಾರೆ. ಹೇಳಿದವರ ಉದ್ದೇಶ ಸಂತೈಸುವುದೇ ಆದರೂ ಮಗುವಿನ ಕಿವಿಗೆ ಬೀಳುವುದು ಬೇರೆ: ಅವರು ಅಂದದ್ದು ಸರಿ, ತಪ್ಪು ನಿನ್ನ ಮೈಯದು. ಆ ಕ್ಷಣದಲ್ಲಿ ತೂಕದ ಮಾತನ್ನೇ ಎತ್ತದೆ, ಯಾರು ಅಂದರು, ಎಲ್ಲಿ, ಎಷ್ಟು ಸಲ, ಆಗ ಹತ್ತಿರ ಯಾರಿದ್ದರು ಎಂದು ಕೇಳಿ ದಿನಾಂಕದೊಂದಿಗೆ ಬರೆದಿಟ್ಟುಕೊಂಡು, ಮರುದಿನ ಶಾಲೆಗೆ ಹೋಗಿ ಆ ಹಾಳೆಯನ್ನು ಮುಂದಿಟ್ಟು ಮಾತಾಡಬೇಕು. ಊಟ, ಆಟ, ನಿದ್ದೆಯಲ್ಲಿ ಬದಲಾವಣೆ ಬೇಕೆನಿಸಿದರೆ ಅದನ್ನು ಇನ್ನೊಂದು ದಿನ, ಇಡೀ ಮನೆಗೇ ಅನ್ವಯಿಸುವಂತೆ, ಯಾರ ಮೈಯತ್ತಲೂ ಬೊಟ್ಟು ಮಾಡದೆ ತರಬಹುದು. ಮಗು ಊಟ ಬಿಡುತ್ತಿದ್ದರೆ, ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರೆ, ಬದುಕುವುದೇ ಬೇಡವೆಂಬ ಮಾತು ಒಮ್ಮೆಯಾದರೂ ಆಡಿದ್ದರೆ, ಕಾಯದೆ ಅದೇ ದಿನ ಮನೋವೈದ್ಯರನ್ನು ಕಾಣಬೇಕು.